ಕಕ್ಕಡದ ಮಳೆಯಲ್ಲಿ ಹೆರಿಗೆ ಬ್ಯಾಗು: ಸಿಸ್ಟರಕ್ಕನಿಗೆ ನಿಮ್ಮ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಹೆರಿಗೆ ಬ್ಯಾಗಿನದ್ದೇ. ಆಶ್ಚರ್ಯ ಏನಿಲ್ಲ. ಡಿಸೆಂಬರ್ ಸುಮಾರಿಗೆ ಪುತ್ತರಿ ಹಬ್ಬದ ಹೊತ್ತಿಗೆ ಸಿಹಿಸುದ್ದಿ ಕೊಟ್ಟವರಿಗೆಲ್ಲ ಕಕ್ಕಡದಲ್ಲಿ, ಅಂದರೆ ಜುಲೈ ಆಗಸ್ಟಿನ ನಮ್ಮ ಕೊಡಗಿನ ಮಳೆ ತಿಂಗಳಲ್ಲಿ, ಡೇಟು. ಹೊರಗೆ ಹಿಡಿದ ಮಳೆ, ಒಳಗೆ ಒಣಗದ ಬಟ್ಟೆ, ಮಧ್ಯದಲ್ಲಿ ಒಂಬತ್ತು ತಿಂಗಳ ಹೊಟ್ಟೆ. ಮೂವತ್ತು ವರ್ಷ ಹೆರಿಗೆ ವಾರ್ಡಿನಲ್ಲಿ ಸ್ಟಾಫ್ ನರ್ಸ್ ಆಗಿ ದುಡಿದು ಈಗ ಮನೆಯಲ್ಲಿ ಕೂತಿರುವ ನನಗೆ ಇದಕ್ಕಿಂತ ಇಷ್ಟದ ವಿಷಯ ಇನ್ನೊಂದಿಲ್ಲ. ಹಾಗಾಗಿ ಈ ತಿಂಗಳು ಮೊಡವೆ, ತಲೆಹೊಟ್ಟಿನ ಪ್ರಶ್ನೆ ಕೇಳಿದವರು ಸ್ವಲ್ಪ ತಡೆದುಕೊಳ್ಳಿ.

ಪ್ರಶ್ನೆ: ಅಕ್ಕಾ, ನನಗೆ ಇದು ಮೊದಲನೆಯದು. ಜುಲೈ ಕೊನೆಗೆ ಡೇಟ್ ಕೊಟ್ಟಿದ್ದಾರೆ. ಅಮ್ಮ ನಾಲ್ಕು ಹೊಸ ನೈಟಿ ತಂದಿಟ್ಟಿದ್ದಾರೆ. ನಾದಿನಿ ಮಾತ್ರ ಆಸ್ಪತ್ರೆಯಲ್ಲಿ ಗೌನು ಕೊಡ್ತಾರೆ, ಏನೂ ಬೇಡ ಅಂತಾಳೆ. ಚಳಿ ಬೇರೆ. ನೋವು ಬಂದಾಗ ಏನು ಹಾಕಿಕೊಂಡು ಹೋಗಬೇಕು, ಒಳಗೆ ಏನು ಹಾಕಿಕೊಳ್ಳಬೇಕು? (ಸುಂಟಿಕೊಪ್ಪದಿಂದ)

ಉತ್ತರ: ಇಬ್ಬರೂ ಸರಿಯೇ. ಕೆಲವು ಆಸ್ಪತ್ರೆಗಳಲ್ಲಿ ಗೌನು ಕೊಡುತ್ತಾರೆ, ಕೆಲವು ಕಡೆ ನಿಮ್ಮ ನೈಟಿಯಲ್ಲೇ ಇರಿ ಅನ್ನುತ್ತಾರೆ. ಇದನ್ನು ಊಹೆ ಮಾಡುತ್ತಾ ಕೂರಬೇಡ. ಮುಂದಿನ ಚೆಕಪ್ಪಿಗೆ ಹೋದಾಗ ಸಿಸ್ಟರ್ ಹತ್ತಿರ ನೇರವಾಗಿ ಕೇಳು. ಒಂದು ನಿಮಿಷದ ಕೆಲಸ.

ನಿನ್ನ ನಾಲ್ಕು ಹೊಸ ನೈಟಿಗಳ ಬಗ್ಗೆ ಹೇಳುವ ಮೊದಲು ನನ್ನದೇ ಮೊದಲ ಹೆರಿಗೆಯ ಕಥೆ ಹೇಳಿಬಿಡುತ್ತೇನೆ. ಆಗ ನಾನೇ ನರ್ಸು, ಎಲ್ಲ ಗೊತ್ತು ಅಂತ ಬೀಗುತ್ತಿದ್ದೆ. ಗಂಜಿ ಹಾಕಿದ ಹಾಗೆ ಗಟ್ಟಿಯಾಗಿದ್ದ, ಕುತ್ತಿಗೆ ಚಿಕ್ಕದಿದ್ದ, ಉದ್ದ ತೋಳಿನ ಹೊಸ ನೈಟಿ ಹಾಕಿಕೊಂಡು ಹೋದೆ. ಕೈಗೆ ಡ್ರಿಪ್ ಹಾಕಿದರು. ಎರಡು ಗಂಟೆ ಆದ ಮೇಲೆ ನೈಟಿ ಒದ್ದೆಯಾಯಿತು, ಬದಲಾಯಿಸಬೇಕು. ಡ್ರಿಪ್ ಇರುವ ಕೈಯಿಂದ ಬಟ್ಟೆ ತೆಗೆಯಬೇಕಂದರೆ ಬಾಟಲಿಯನ್ನೇ ತೋಳಿನೊಳಗಿಂದ ತೂರಿಸಿ ಆಚೆ ತೆಗೆಯಬೇಕು. ಆ ಬಿಗಿ ತೋಳಿನಲ್ಲಿ ಬಾಟಲಿ ತೂರಲಿಲ್ಲ. ನೋವು ಮೇಲಿಂದ ಮೇಲೆ ಬರ್ತಾ ಇದೆ, ನನ್ನ ಜೊತೆ ಕೆಲಸ ಮಾಡುವ ಹುಡುಗಿಯರೇ ನಗುತ್ತಾ ಕತ್ತರಿ ತಂದು ತೋಳು ಸೀಳಿದರು. ಆ ನೈಟಿ ಆಮೇಲೆ ನೆಲ ಒರೆಸುವ ಬಟ್ಟೆಯಾಯಿತು.

ಅದಕ್ಕೇ ಹೇಳುವುದು, ನೈಟಿ ಆರಿಸುವಾಗ ಮೊದಲು ತೋಳು ನೋಡು. ಮೊಣಕೈ ಮೇಲಕ್ಕೆ ಇರಬೇಕು, ಸಡಿಲವಾಗಿರಬೇಕು. ಬಿಪಿ ಪಟ್ಟಿ ಕಟ್ಟುವುದು ಮೊಣಕೈ ಮೇಲೆ, ಸೂಜಿ ಹಾಕುವುದು ಮುಂಗೈಗೆ. ಎರಡಕ್ಕೂ ಜಾಗ ಬೇಕು. ಆಮೇಲೆ ಮುಂದುಗಡೆ ನೋಡು. ಕುತ್ತಿಗೆಯಿಂದ ಹೊಟ್ಟೆಯವರೆಗೆ ಬಟನ್ ಇದ್ದರೆ ಬಹಳ ಒಳ್ಳೆಯದು. ಮಗು ಹುಟ್ಟಿದ ಕೂಡಲೇ ಒರೆಸಿ ಬರಿ ಎದೆಯ ಮೇಲೆ ಮಲಗಿಸುತ್ತಾರೆ, ಮೇಲಿಂದ ಬಟ್ಟೆ ಹೊದಿಸುತ್ತಾರೆ. ಮಗುವಿಗೆ ಅದೇ ಬಿಸಿ. ಮೊದಲ ಒಂದು ಗಂಟೆಯೊಳಗೆ ಹಾಲೂ ಕುಡಿಸಬೇಕು. ಆಗ ನೈಟಿಯನ್ನು ತಲೆಯವರೆಗೆ ಎತ್ತಿ ಒದ್ದಾಡುವ ಹಾಗಿರಬಾರದು. ಜಿಪ್ ಇರುವ ಫೀಡಿಂಗ್ ನೈಟಿಗಳು ಅಂಗಡಿಯಲ್ಲಿ ಬೇಕಾದಷ್ಟು ಸಿಗುತ್ತವೆ. ನನಗೆ ಬಟನ್ನೇ ಇಷ್ಟ. ಜಿಪ್ಪು ತಣ್ಣಗಿರುತ್ತದೆ, ಮಗುವಿನ ಕೆನ್ನೆಗೆ ಒತ್ತುತ್ತದೆ, ಅವಸರದಲ್ಲಿ ಚರ್ಮ ಸಿಕ್ಕಿಕೊಂಡರಂತೂ ಕೇಳಬೇಡ.

ಉದ್ದ ಮೊಣಕಾಲಿನ ಕೆಳಗೆ ಬಂದರೆ ಸಾಕು. ಪಾದ ಮುಚ್ಚುವಷ್ಟು ಇದ್ದರೆ ಬಾತ್‌ರೂಮಿನ ಒದ್ದೆಯೆಲ್ಲ ಅಂಚಿಗೇ. ಪ್ಯಾಂಟು, ಲೆಗ್ಗಿಂಗ್ಸ್ ಲೇಬರ್ ರೂಮಿಗೆ ಬೇಡವೇ ಬೇಡ. ಒಳಪರೀಕ್ಷೆ ಮಾಡುತ್ತಾರೆ, ಮಗುವಿನ ಎದೆಬಡಿತ ಆಗಾಗ ಕೇಳುತ್ತಾರೆ, ಪ್ರತಿಸಲ ಎಳೆದು ಇಳಿಸುತ್ತಾ ಕೂರಲು ಯಾರಿಗೂ ಆಗುವುದಿಲ್ಲ.

ಅಮ್ಮ ತಂದ ಹೊಸದನ್ನು ಎರಡು ಮೂರು ಸಲ ಒಗೆದು ಮೆತ್ತಗೆ ಮಾಡಿಕೊ. ಪೂರ್ತಿ ಕಾಟನ್ ಆಗಿರಲಿ. ಹೊರಗೆ ಎಷ್ಟೇ ಚಳಿಯಿರಲಿ, ನೋವು ಜೋರಾದಾಗ ಮೈಯೆಲ್ಲ ಬೆವರುತ್ತದೆ, ಫ್ಯಾನ್ ಹಾಕಿ ಅನ್ನುತ್ತೀಯ. ಮಗು ಹುಟ್ಟಿ ಹತ್ತು ನಿಮಿಷಕ್ಕೆ ಅದೇ ಮೈ ಗಡಗಡ ನಡುಗುತ್ತದೆ. ಆ ನಡುಕಕ್ಕೆ ಹೆದರಬೇಡ, ತುಂಬಾ ಜನರಿಗೆ ಆಗುತ್ತದೆ. ಅದಕ್ಕೇ ಸ್ವೆಟರ್ ಬೇಕು, ಆದರೆ ತಲೆಯಿಂದ ಹಾಕುವಂಥದ್ದಲ್ಲ. ಮುಂದೆ ಬಟನ್ ಇರುವ ಹಳೇ ಸ್ವೆಟರು. ಡ್ರಿಪ್ ಇರುವ ಕೈಗೆ ತೊಡಿಸದೆ ಭುಜದ ಮೇಲೆ ಸುಮ್ನೆ ಹೊದ್ದುಕೊಂಡರಾಯಿತು. ಕಾಲಿಗೆ ಒಂದೆರಡು ಜೊತೆ ಸಾಕ್ಸ್.

ಚಪ್ಪಲಿ ಬಗ್ಗೆ ಯಾರೂ ಕೇಳುವುದಿಲ್ಲ, ನಾನೇ ಹೇಳುತ್ತೇನೆ. ಸವೆದ ಹವಾಯಿ ಚಪ್ಪಲಿ ತರಬೇಡಿ. ಮಳೆಗಾಲದಲ್ಲಿ ವಾರ್ಡಿನ ನೆಲ ಎಷ್ಟು ಒರೆಸಿದರೂ ಒದ್ದೆ, ಹೆತ್ತ ಮೊದಲ ದಿನ ಎದ್ದಾಗ ತಲೆ ಸುತ್ತುವುದೂ ಇದೆ. ಅಡಿಯಲ್ಲಿ ಹಿಡಿತ ಇರುವ, ಬಗ್ಗದೆ ಕಾಲು ತೂರಿಸಬಹುದಾದ ಚಪ್ಪಲಿ ಬೇಕು. ಕಾಲು ಊದಿರುತ್ತದೆ, ಒಂದು ನಂಬರ್ ದೊಡ್ಡದೇ ತಗೊ.

ಇನ್ನು ಮನೆಯಿಂದ ಹೊರಡುವಾಗ. ತೋಟದೊಳಗಿನ ದಾರಿಯಲ್ಲಿ ಜೀಪಿನಲ್ಲಿ ಕುಲುಕಿಕೊಂಡು ರಸ್ತೆಗೆ ಬರಬೇಕಾದವರು ನೈಟಿ ಮೇಲೆ ಶಾಲು ಹೊದ್ದು ಬನ್ನಿ, ಯಾರೂ ಏನೂ ಅಂದುಕೊಳ್ಳುವುದಿಲ್ಲ. ಸೀಟಿನ ಮೇಲೆ ಪ್ಲಾಸ್ಟಿಕ್ ಶೀಟು, ಅದರ ಮೇಲೆ ಹಳೇ ಟವೆಲ್. ಒಳಗೆ ಬಿಳಿ ಪ್ಯಾಡ್ ಅಥವಾ ಬಿಳಿ ಬಟ್ಟೆಯನ್ನೇ ಇಟ್ಟುಕೊಳ್ಳಬೇಕು. ಕಲೆ ಕಾಣಬಾರದು ಅಂತ ಕಪ್ಪು ಬಟ್ಟೆ ಇಟ್ಟುಕೊಂಡು ಬರುವವರೇ ಜಾಸ್ತಿ, ನಮಗೆ ಬೇಕಾಗಿರುವುದು ಆ ಕಲೆಯೇ! ನೀರು ಹೋಗಿದ್ದರೆ ಅದರ ಬಣ್ಣ ನೋಡಬೇಕು. ತಿಳಿಯಾಗಿದ್ದರೆ ಸರಿ. ಹಸಿರು ಇದ್ದರೆ ಮಗು ಒಳಗೇ ಕಕ್ಕ ಮಾಡಿದೆ ಅಂತ ಅರ್ಥ, ಕೆಂಪು ಇದ್ದರೆ ರಕ್ತ ಹೋಗ್ತಿದೆ ಅಂತ. ಎರಡರಲ್ಲೂ ಡಾಕ್ಟರಿಗೆ ತಕ್ಷಣ ಗೊತ್ತಾಗಬೇಕು. ಆ ಬಟ್ಟೆಯನ್ನು ದಾರಿಯಲ್ಲಿ ಎಸೆಯದೆ ಒಂದು ಕವರಿನಲ್ಲಿ ಹಾಕಿ ತಂದು ತೋರಿಸಿ. ಮತ್ತೆ, ನೀರು ಹೋದ ಮೇಲೆ ನೋವು ಬರಲಿ ಆಮೇಲೆ ಹೋಗೋಣ ಅಂತ ಮನೆಯಲ್ಲಿ ಕೂರಬೇಡಿ.

ಹೆರಿಗೆಗೆ ಸುಳ್ಯ, ಮಂಗಳೂರು ಕಡೆ ಹೋಗಬೇಕು ಅಂದುಕೊಂಡವರಿಗೆ ಒಂದು ಮಾತು. 2018ರ ಆಗಸ್ಟಿನಲ್ಲಿ ಜೋಡುಪಾಲದ ಹತ್ತಿರ ಗುಡ್ಡ ಕುಸಿದು ಸಂಪಾಜೆ ರಸ್ತೆ ಏನಾಯಿತು ಅಂತ ನಮಗ್ಯಾರಿಗೂ ಮರೆತಿಲ್ಲ. ಮಳೆ ಜೋರಿದ್ದರೆ ಡೇಟಿಗೆ ಕಾಯದೆ ಮೊದಲೇ ಆ ಕಡೆ ನೆಂಟರ ಮನೆಗೆ ಹೋಗಿ ಇದ್ದುಬಿಡಿ. ಬ್ಯಾಗಿನೊಳಗೆ ಬಟ್ಟೆಗಳನ್ನೆಲ್ಲ ಪ್ಲಾಸ್ಟಿಕ್ ಕವರಿನಲ್ಲಿ ಬೇರೆ ಬೇರೆ ಕಟ್ಟಿ. ಕೊಡೆ ಹಿಡಿಯುವವರು ನಿಮಗೆ ಹಿಡಿಯುತ್ತಾರೆ, ಬ್ಯಾಗು ನೆನೆಯುತ್ತದೆ.

ಪ್ರಶ್ನೆ: ನನಗೆ ಸಿಸೇರಿಯನ್ ಅಂತ ಡಾಕ್ಟರ್ ಮೊದಲೇ ಹೇಳಿದ್ದಾರೆ. ಬಾಣಂತಿ ನೈಟಿಯಲ್ಲಿ ನೆಂಟರ ಮುಂದೆ ಕೂರುವುದು ಚೆನ್ನಾಗಿರಲ್ಲ ಅಂತ ಅತ್ತೆ ಹೇಳ್ತಾರೆ. ನಮ್ಮ ಕೊಡವ ಸೀರೆಯಲ್ಲಿ ನೆರಿಗೆ ಹಿಂದೆ ಬರುವುದರಿಂದ ಹೊಲಿಗೆಗೆ ಒತ್ತುವುದಿಲ್ಲ, ಅದನ್ನೇ ಉಡು ಅಂತಾರೆ. ಅದರಲ್ಲಿ ಅರ್ಥ ಇದೆಯಾ? (ಪೊನ್ನಂಪೇಟೆಯಿಂದ)

ಉತ್ತರ: ನಿಮ್ಮ ಅತ್ತೆಯ ತಲೆ ಓಡುತ್ತದೆ ಅಂತ ಒಪ್ಪಿಕೊಂಡೆ! ಬಲಮುರಿಯಲ್ಲಿ ಕಾವೇರಮ್ಮ ಹರಿದ ರಭಸಕ್ಕೆ ಹೆಂಗಸರ ನೆರಿಗೆ ಹಿಂದಕ್ಕೆ ತಿರುಗಿತು ಅಂತ ಕಥೆ ಕೇಳಿದ್ದೆ. ಅದು ಸಿಸೇರಿಯನ್ನಿಗೆ ಉಪಯೋಗ ಆದೀತು ಅಂತ ಯಾರೂ ಹೇಳಿರಲಿಲ್ಲ.

ಆದರೆ ನೆರಿಗೆ ಹಿಂದೆ ಇದ್ದರೆ ನೀನು ಮಲಗುವುದು ಅದರ ಗಂಟಿನ ಮೇಲೆಯೇ ಅಲ್ವಾ? ಆಪರೇಷನ್ ಆದ ಮೊದಲ ದಿನ ಹೆಚ್ಚು ಹೊತ್ತು ಮಲಗಿಯೇ ಇರಬೇಕು. ಸೊಂಟದ ಕೆಳಗೆ ಆ ಮುದ್ದೆ ಇಟ್ಟುಕೊಂಡು ಮಲಗಿ ನೋಡು, ಅತ್ತೆಯನ್ನೂ ಮಲಗಿಸಿ ನೋಡು. ಇನ್ನೊಂದು, ನಮ್ಮ ಸೀರೆಯ ಸೆರಗು ಎದೆಯ ಮೇಲೆ ಬಿಗಿಯಾಗಿ ಹಾದು ಬಲ ಭುಜಕ್ಕೆ ಬಂದು ಕೂರುತ್ತದೆ. ನೋಡಲು ಬಹಳ ಲಕ್ಷಣ. ಎರಡು ಗಂಟೆಗೊಮ್ಮೆ, ಕೆಲವೊಮ್ಮೆ ಗಂಟೆಗೊಮ್ಮೆ ಹಾಲು ಕುಡಿಸುವವಳಿಗೆ ಮಾತ್ರ ಅದು ಶಿಕ್ಷೆ.

ಗಾಯ ಎಲ್ಲಿರುತ್ತದೆ ಅಂತ ಗೊತ್ತಿದ್ದರೆ ಬಟ್ಟೆ ಆರಿಸುವುದು ಸುಲಭ. ಸಾಮಾನ್ಯವಾಗಿ ಹೊಕ್ಕುಳಿಗಿಂತ ಬಹಳ ಕೆಳಗೆ, ಹೊಟ್ಟೆಯ ಮಡಿಕೆ ಬೀಳುವ ಜಾಗದಲ್ಲಿ ಅಡ್ಡಕ್ಕೆ ಕೊಯ್ದಿರುತ್ತಾರೆ. ನಾವು ದಿನಾ ಹಾಕುವ ಒಳಚಡ್ಡಿಯ ಎಲಾಸ್ಟಿಕ್ ಸರಿಯಾಗಿ ಅಲ್ಲೇ ಬಂದು ಕೂರುತ್ತದೆ. ಕೆಳಗಿಳಿಸಿ ಉಡುವವರಿಗೆ ಲಂಗದ ಲಾಡಿಯೂ ಅಲ್ಲೇ. ಹಾಗಾಗಿ ಚಡ್ಡಿಯನ್ನು ಹೊಕ್ಕುಳ ಮೇಲಕ್ಕೆ ಬರುವಷ್ಟು ದೊಡ್ಡದು, ನೀನು ಬಸುರಿಯಾಗಿದ್ದಾಗ ಹಾಕಿದ ಸೈಜೇ ತಗೊ. ಮಗು ಹೊರಗೆ ಬಂದ ಕೂಡಲೇ ಹೊಟ್ಟೆ ಮಾಯ ಆಗುತ್ತದೆ ಅಂದುಕೊಂಡವರು ಬಹಳ ಜನ. ಐದಾರು ತಿಂಗಳ ಬಸುರಿಯ ಹಾಗೆ ಕಾಣುತ್ತದೆ. ಗರ್ಭಕೋಶ ಮೊದಲಿನ ಅಳತೆಗೆ ಬರಲು ಸುಮಾರು 6 ವಾರ ಬೇಕು.

ಆಪರೇಷನ್ ಥಿಯೇಟರಿಗೆ ಹೋಗುವಾಗ ಅವರೇ ಹಿಂದೆ ಲಾಡಿ ಇರುವ ಗೌನು ಕೊಡುತ್ತಾರೆ. ಬೆನ್ನಿಗೆ ಇಂಜೆಕ್ಷನ್ ಕೊಡುವುದರಿಂದ ಅದು ಹಾಗಿರುತ್ತದೆ. ಒಳಗೆ ಏನೂ ಹಾಕಿರಬಾರದು, ನಾಚಿಕೆಪಡಬೇಡ, ಅಲ್ಲಿ ಎಲ್ಲರೂ ಮುಚ್ಚಿಡುವುದನ್ನೇ ಅಭ್ಯಾಸ ಮಾಡಿಕೊಂಡವರು. ವಾರ್ಡಿಗೆ ಬಂದ ಮೇಲೆ ಕೆಲವು ಗಂಟೆ ಕಾಲು ಮರಗಟ್ಟಿರುತ್ತದೆ, ಮೂತ್ರಕ್ಕೆ ಟ್ಯೂಬು ಹಾಕಿರುತ್ತಾರೆ. ಟ್ಯೂಬು ಇರುವವರೆಗೆ ಸಡಿಲವಾದ ನೈಟಿ ಬಿಟ್ಟರೆ ಬೇರೆ ಗತಿಯಿಲ್ಲ. ಸೀರೆಯ ಮಾತನ್ನು ಆಗ ಅತ್ತೆಯೇ ಬಿಡುತ್ತಾರೆ. ಟ್ಯೂಬು ತೆಗೆದ ಮೇಲೆ ಎದ್ದು ನಡೆಯಲು ಹೇಳುತ್ತಾರೆ. ನಡೆಯುವಾಗ ಕಾಲಿಗೆ ತೊಡರುವ ಬಟ್ಟೆ ಬೇಡ. ಡಾಕ್ಟರು ರೌಂಡ್ಸಿಗೆ ಬಂದಾಗ ಗಾಯ ನೋಡಬೇಕು, ನಾವು ಪ್ಯಾಡು ನೋಡಬೇಕು, ಹೊಟ್ಟೆ ಮುಟ್ಟಿ ಗರ್ಭಕೋಶ ಗಟ್ಟಿಯಾಗಿದೆಯಾ ಅಂತ ನೋಡಬೇಕು. ಐದೂವರೆ ಮೀಟರ್ ಸೀರೆ ಬಿಚ್ಚಿ ಕಟ್ಟುವ ಹೊತ್ತಿಗೆ ಪಕ್ಕದ ಮೂರು ಬಾಣಂತಿಯರನ್ನು ನೋಡಿ ಮುಗಿಸಬಹುದು.

ಅತ್ತೆಗೆ ನೆಂಟರ ಚಿಂತೆ ತಾನೇ? ಒಂದು ದೊಡ್ಡ ಕಾಟನ್ ಶಾಲು ಇಟ್ಟುಕೊ. ನೈಟಿ ಮೇಲೆ ಹೊದ್ದರೆ ಮರ್ಯಾದೆಗೂ ಆಯಿತು, ಹಾಲು ಕುಡಿಸಲು ಮರೆಗೂ ಆಯಿತು. ಸೀರೆಯನ್ನು ಗಾಯ ಪೂರ್ತಿ ಮಾಗಿದ ಮೇಲೆ, ಮನೆಯಲ್ಲಿ ಮಗುವಿನ ಕಾರ್ಯ ಮಾಡುವ ದಿನ ಉಡು. ನನ್ನ ಅಭಿಪ್ರಾಯ ಕೇಳಿದರೆ, ಆಸ್ಪತ್ರೆಗೆ ನೆಂಟರು ಬರುವುದೇ ಜಾಸ್ತಿ ಆಗಿದೆ, ಅದನ್ನು ಅತ್ತೆ ತಡೆದರೆ ಸೀರೆಯ ಪ್ರಶ್ನೆಯೇ ಏಳುವುದಿಲ್ಲ.

ಹೊಟ್ಟೆಗೆ ಬಟ್ಟೆ ಸುತ್ತಿ ಬಿಗಿಯುವ ಬಗ್ಗೆಯೂ ಪತ್ರದ ಕೊನೆಯಲ್ಲಿ ಕೇಳಿದ್ದೀಯ. ಬೆಲ್ಟು ಹಾಕಿದರೆ ಎದ್ದು ನಡೆಯುವಾಗ, ಕೆಮ್ಮುವಾಗ ಕೆಲವರಿಗೆ ಆರಾಮ ಅನಿಸುತ್ತದೆ. ಡಾಕ್ಟರನ್ನು ಕೇಳಿ, ಸಡಿಲವಾಗಿ ಹಾಕಿಕೊ, ಮಲಗುವಾಗ ತೆಗೆ. ಹಳೇ ಸೀರೆಯಲ್ಲಿ ಇಬ್ಬರು ಹಿಡಿದು ಎಳೆದು ಬಿಗಿಯುವುದು ಮಾತ್ರ ಬೇಡ. ಹೊಟ್ಟೆ ಕರಗುವುದು ಬಿಗಿಯುವುದರಿಂದಲ್ಲ, ಗಾಯದ ಹತ್ತಿರ ಬೆವರು ನಿಂತು ಕೆಡುತ್ತದೆ ಅಷ್ಟೇ. ಗಾಯದ ಸುತ್ತ ಕೆಂಪಾಗಿ ಊದಿದರೆ, ಕೀವು ಬಂದರೆ, ಜ್ವರ ಬಂದರೆ ಯಾವ ಬಟ್ಟೆ ಅಂತ ಯೋಚಿಸದೆ ಆಸ್ಪತ್ರೆಗೆ ಹೋಗು.

ಪ್ರಶ್ನೆ: ತಾಳಿ, ಬಳೆ, ಕಾಲುಂಗುರ ತೆಗೆಯಲೇಬೇಕಾ? ನಮ್ಮಮ್ಮನಿಗೆ ತಾಳಿ ತೆಗೆಯುವುದು ಅಂದರೆ ಭಯ. (ಸೋಮವಾರಪೇಟೆಯಿಂದ)

ಉತ್ತರ: ಸಿಸೇರಿಯನ್ ಆದರೆ ಲೋಹದ್ದೆಲ್ಲ ತೆಗೆಯಲು ಹೇಳುತ್ತಾರೆ. ಆಪರೇಷನ್ನಿನಲ್ಲಿ ರಕ್ತ ನಿಲ್ಲಿಸಲು ಕರೆಂಟಿನ ಉಪಕರಣ ಬಳಸುತ್ತಾರೆ, ಮೈಮೇಲೆ ಲೋಹ ಇದ್ದರೆ ಅಲ್ಲಿ ಸುಡುವ ಅಪಾಯ ಇದೆ. ನಾರ್ಮಲ್ ಅಂತ ಒಳಗೆ ಹೋದವರನ್ನೂ ಅರ್ಧ ಗಂಟೆಯಲ್ಲಿ ಥಿಯೇಟರಿಗೆ ಕರೆದುಕೊಂಡು ಹೋಗಬೇಕಾಗಬಹುದು. ಆ ಗಡಿಬಿಡಿಯಲ್ಲಿ ಊದಿದ ಬೆರಳಿನಿಂದ ಉಂಗುರ ತೆಗೆಯುವ ಪಾಡು ಬೇಡ. ಸೋಪು ಹಚ್ಚಿ, ದಾರ ಸುತ್ತಿ, ಏನೂ ಆಗದೆ ಕೊನೆಗೆ ಕತ್ತರಿಸಿದ್ದೂ ಇದೆ. ಅದಕ್ಕೇ 9ನೇ ತಿಂಗಳು ಬಂದ ಕೂಡಲೇ ಉಂಗುರ, ಕಾಲುಂಗುರ ತೆಗೆದು ಮನೆಯಲ್ಲೇ ಇಡಿ.

ತಾಳಿ, ಕರಿಮಣಿ, ಕೊಡವರ ಪತ್ತಾಕ್, ಯಾವುದೇ ಆಗಲಿ, ಮನೆಯಲ್ಲಿ ಬೆಳಿಗ್ಗೆ ದೀಪ ಹಚ್ಚಿ ಅಮ್ಮನೇ ತೆಗೆದು ದೇವರ ಮುಂದೆ ಇಡಲಿ, ಅರಿಶಿನದ ದಾರ ಕಟ್ಟಲಿ. ನೂಲಿನ ದಾರಕ್ಕೆ ಸಾಮಾನ್ಯವಾಗಿ ಯಾರೂ ಏನೂ ಹೇಳುವುದಿಲ್ಲ. ನಾನು ವಾರ್ಡಿನಲ್ಲಿ ಇದನ್ನು ಹೇಳಿಕೊಟ್ಟಾಗಲೆಲ್ಲ ಅಮ್ಮಂದಿರು ಒಪ್ಪಿದ್ದಾರೆ. ಥಿಯೇಟರ್ ಬಾಗಿಲಲ್ಲಿ ಸಿಸ್ಟರ್ ಕೈಗೆ ತೆಗೆದು ಕೊಡುವಾಗಲೇ ಅವರಿಗೆ ಸಂಕಟ ಆಗುವುದು.

ಗಾಜಿನ ಬಳೆ ಒಡೆದು ಚುಚ್ಚುತ್ತದೆ, ಬೇಡ. ಉಗುರಿಗೆ ಪಾಲಿಶ್ ಇದ್ದರೆ ಅಳಿಸಿಕೊಂಡು ಬನ್ನಿ. ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ ಅಂತ ನೋಡುವ ಕ್ಲಿಪ್ಪು ಬೆರಳ ತುದಿಗೇ ಹಾಕುವುದು, ಬಣ್ಣ ಇದ್ದರೆ ಸರಿಯಾಗಿ ತೋರಿಸುವುದಿಲ್ಲ. ಕೂದಲಿಗೆ ಎರಡು ಜಡೆ ಹಾಕಿ, ಬಟ್ಟೆಯ ರಬ್ಬರ್ ಬ್ಯಾಂಡ್ ಸಾಕು, ಪಿನ್ನು ಬೇಡ. ಒಂದೇ ಜಡೆ ಹಾಕಿದರೆ ಮಲಗಿದಾಗ ತಲೆಯ ಹಿಂದೆ ಒತ್ತುತ್ತದೆ.

ಪ್ರಶ್ನೆ: ನಾವು ಕಾಫಿ ತೋಟದ ಕೂಲಿ ಲೈನುಮನೆಯಲ್ಲಿ ಇರುವವರು. ನನ್ನ ಮಗಳಿಗೆ ಸರ್ಕಾರಿ ಆಸ್ಪತ್ರೆಯಲ್ಲೇ ಹೆರಿಗೆ. ಹೊಸ ಬಟ್ಟೆ ತರಲು ಈಗ ಕೈಯಲ್ಲಿ ದುಡ್ಡಿಲ್ಲ. ಹಳೆಯದು ತಂದರೆ ಸಿಸ್ಟರುಗಳು ಬೈತಾರಾ? (ಸಿದ್ದಾಪುರದಿಂದ)

ಉತ್ತರ: ಹಳೆಯದನ್ನೇ ತನ್ನಿ ಅಮ್ಮಾ. ಹತ್ತು ಸಲ ಒಗೆದ ಕಾಟನ್ನಿನಷ್ಟು ಮೆತ್ತಗಿನ ಬಟ್ಟೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಬಟ್ಟೆ ಹಳೆಯದಿದೆ ಅಂತ ಬೈದವರು ಇದ್ದರೆ ಅವರದೇ ತಪ್ಪು, ಅಂಥವರನ್ನು ನಾನೂ ನೋಡಿದ್ದೇನೆ, ಅವರ ಪರವಾಗಿ ನಾನು ಕ್ಷಮೆ ಕೇಳುತ್ತೇನೆ. ನಾವು ನೋಡಬೇಕಾದದ್ದು ಎರಡೇ, ಶುಚಿಯಾಗಿದೆಯಾ, ಪೂರ್ತಿ ಒಣಗಿದೆಯಾ.

ಕೊಡಗಿನಲ್ಲಿ ಕಷ್ಟ ಇರುವುದು ಈ ಎರಡನೆಯದರಲ್ಲೇ. ಫೆಬ್ರವರಿಯಲ್ಲಿ ಹೆತ್ತವರಿಗೆ ಬಟ್ಟೆಯ ಚಿಂತೆಯಿಲ್ಲ, ಕಣದಲ್ಲಿ ಕಾಫಿ ಜೊತೆಗೇ ಬಟ್ಟೆಯೂ ಗರಿಗರಿ ಒಣಗುತ್ತದೆ, ಕೊಯ್ಲಿನ ಕೆಲಸ ಬಿಟ್ಟು ಜೊತೆಗೆ ನಿಲ್ಲುವವರು ಸಿಗುವುದಿಲ್ಲ ಅಷ್ಟೇ. ಜುಲೈಯಲ್ಲಿ ಜನ ಸಿಗುತ್ತಾರೆ, ಬಿಸಿಲು ಸಿಗುವುದಿಲ್ಲ. ಅರ್ಧ ಒಣಗಿದ ಬಟ್ಟೆಯನ್ನು ಮಡಚಿಟ್ಟು ಹಾಕಿಕೊಂಡರೆ ತೊಡೆಸಂದಿಯಲ್ಲಿ, ಎದೆಯ ಕೆಳಗೆ ಫಂಗಸ್ ಬಂದು ತುರಿಕೆ ಶುರು. ಹಾಗಾಗಿ 8ನೇ ತಿಂಗಳಲ್ಲಿ ಒಂದು ದಿನ ಬಿಸಿಲು ಬಿದ್ದರೂ ಸಾಕು, ಎಲ್ಲ ಒಗೆದು ಒಣಗಿಸಿ ಪ್ಲಾಸ್ಟಿಕ್ ಕವರಿಗೆ ಹಾಕಿ ಗಂಟು ಕಟ್ಟಿಡಿ. ಆಮೇಲೆ ತೆಗೆಯಬೇಡಿ. ಬಿಸಿಲೇ ಇಲ್ಲದಿದ್ದರೆ ಗಾಳಿಗೆ ಹರವಿ, ಕೊನೆಗೆ ಇಸ್ತ್ರಿಪೆಟ್ಟಿಗೆ ಹಿಡಿಸಿ. ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸಿದ್ದು ಹೊಗೆ ಕುಡಿದಿರುತ್ತದೆ, ದೊಡ್ಡವರಿಗೆ ನಡೆಯುತ್ತದೆ, ಮಗುವಿನ ಬಟ್ಟೆಗೆ ಬೇಡ.

ಎಷ್ಟು ಬೇಕು ಅಂದರೆ, ಆಸ್ಪತ್ರೆಯಲ್ಲಿ ಒಗೆದು ಒಣಗಿಸುತ್ತೇವೆ ಅನ್ನುವ ಲೆಕ್ಕವೇ ಮಳೆಗಾಲದಲ್ಲಿ ಇಡಬೇಡಿ. ನಾರ್ಮಲ್ ಆದರೂ ಎರಡು ದಿನ ಇಟ್ಟುಕೊಳ್ಳುತ್ತಾರೆ, ಸಿಸೇರಿಯನ್ ಆದರೆ ಇನ್ನೂ ಕೆಲವು ದಿನ. ಮೂರು ನೈಟಿ ಮೊದಲು, ಇನ್ನೆರಡು ಮನೆಯಲ್ಲಿ ರೆಡಿ ಇರಲಿ, ಬೇಕಾದರೆ ತರಿಸಿಕೊಳ್ಳಿ. ನೈಟಿ ಇಲ್ಲದಿದ್ದರೆ ನಿಮ್ಮ ಯಜಮಾನರ ದೊಡ್ಡ ಅಂಗಿ ಮತ್ತು ಸಡಿಲ ಲಂಗ ಹಾಕಿ ಕರೆದುಕೊಂಡು ಬನ್ನಿ. ಮುಂದೆ ಬಟನ್ ಇರುವ ಗಂಡಸರ ಅಂಗಿ ಹಾಲು ಕುಡಿಸಲು ಎಷ್ಟು ಅನುಕೂಲ ಗೊತ್ತಾ? ನಾನು ಎರಡನೇ ಬಾಣಂತನ ಪೂರ್ತಿ ಅದರಲ್ಲೇ ಕಳೆದೆ.

ದುಡ್ಡಿನ ವಿಷಯ ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧ, ರಕ್ತ ಎಲ್ಲ ಉಚಿತ. 2011ರಿಂದ ಇರುವ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ನಾರ್ಮಲ್ ಆದರೆ 3 ದಿನ, ಸಿಸೇರಿಯನ್ ಆದರೆ 7 ದಿನದವರೆಗೆ ತಾಯಿಗೆ ಊಟವೂ ಉಚಿತ, ಮನೆಯಿಂದ ಕರೆದುಕೊಂಡು ಬರುವುದು, ವಾಪಸು ಬಿಡುವುದೂ ಉಚಿತ. ತಾಯಿ ಕಾರ್ಡನ್ನು ಬಟ್ಟೆಗಿಂತ ಮೊದಲು ಬ್ಯಾಗಿಗೆ ಹಾಕಿ. ಗಾಡಿಗೆ 108. ಉಳಿದ ದುಡ್ಡಿನಲ್ಲಿ ಒಳ್ಳೆಯ ಪ್ಯಾಡು ತನ್ನಿ, ಅದೊಂದನ್ನು ಹಳೆಯದರಲ್ಲಿ ನಿಭಾಯಿಸಬೇಡಿ. ಬಿಸಿಲಿಲ್ಲದ ದಿನಗಳಲ್ಲಿ ಒಗೆದ ಬಟ್ಟೆಯನ್ನು ಪ್ಯಾಡಿನ ಜಾಗಕ್ಕೆ ಇಟ್ಟುಕೊಳ್ಳುವುದು ಒಳ್ಳೆಯದಲ್ಲ.

ಪ್ರಶ್ನೆ: ಆನ್‌ಲೈನಿನಲ್ಲಿ ತಾಯಿಗೂ ಮಗುವಿಗೂ ಮ್ಯಾಚಿಂಗ್ ಹೆರಿಗೆ ಗೌನು ಸೆಟ್ಟು ಬರ್ತಿದೆ. ಫೋಟೋಗೆ ಚೆನ್ನಾಗಿರುತ್ತೆ. ತಗೊಳ್ಳಲಾ? (ಮಡಿಕೇರಿಯಿಂದ)

ಉತ್ತರ: ತಗೊ, ಆಸೆ ಇದ್ದರೆ ಯಾಕೆ ಬೇಡ. ಲೇಬರ್ ರೂಮಿಗೆ ಹಾಕಬೇಡ, ಹೆತ್ತು ಸ್ನಾನ ಆದ ಮೇಲೆ ಹತ್ತು ನಿಮಿಷ ಹಾಕಿ ಫೋಟೋ ತೆಗೆಸಿಕೊ. ಸ್ಯಾಟಿನ್ ಆದರೆ ಹಾಸಿಗೆಯಿಂದ ಜಾರುತ್ತೀಯ, ಬೆವರು ಹೀರುವುದಿಲ್ಲ. ಲೇಸು ಮಗುವಿನ ಮುಖಕ್ಕೆ ಗೀರುತ್ತದೆ.

ಪ್ರಶ್ನೆ: ಸಿಸ್ಟರ್, ನಾನು ಗಂಡ. ಎಲ್ಲರೂ ಹೆಂಡತಿಗೆ ಹೇಳ್ತಾರೆ, ನನಗೇನೂ ಹೇಳಲ್ಲ. ನಾನು ಒಳಗೆ ಇರಬಹುದಾ, ನಾನೇನು ಹಾಕಿಕೊಳ್ಳಲಿ? (ಕುಶಾಲನಗರದಿಂದ)

ಉತ್ತರ: ಕೇಳಿದ್ದಕ್ಕೇ ಸಂತೋಷ ಆಯಿತು ತಮ್ಮಾ. ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ ಹೊತ್ತಿಗೆ ಜೊತೆಗೊಬ್ಬರು ಇರಬಹುದು ಅಂತ ಕೇಂದ್ರ ಸರ್ಕಾರ 2016ರಲ್ಲೇ ಹೇಳಿದೆ. ಆ ಒಬ್ಬರು ತಾವೇ ಹೆತ್ತು ಅನುಭವ ಇರುವ ಹೆಂಗಸಾಗಿರಬೇಕು ಅಂತಲೂ ಇದೆ. ಬೇರೆ ಹೆಂಗಸರೂ ಅಲ್ಲೇ ಇರುತ್ತಾರಲ್ಲ, ಹಾಗಾಗಿ ಗಂಡಂದಿರು ಒಳಗೆ ಬರಬೇಕಂದರೆ ಮರೆಯಿರುವ ಜಾಗ ಇರಬೇಕು. ಖಾಸಗಿ ಆಸ್ಪತ್ರೆಯಾದರೆ ಮೊದಲೇ ಕೇಳಿಕೊಳ್ಳಿ. ಜೊತೆಗಿರುವವರು ಯಾರೇ ಆಗಲಿ, ಸ್ನಾನ ಮಾಡಿ ಒಗೆದ ಬಟ್ಟೆ ಹಾಕಿರಬೇಕು, ಕೆಮ್ಮು ನೆಗಡಿ ಇರಬಾರದು.

ನಿಮ್ಮ ಬಟ್ಟೆಯ ಬಗ್ಗೆ ಹೇಳುವುದಾದರೆ, ತೋಟದಿಂದ ನೇರ ಬರಬೇಡಿ. ಒಬ್ಬರು ಗಂಬೂಟು ಹಾಕಿಕೊಂಡೇ ವಾರ್ಡಿಗೆ ಬಂದಿದ್ದರು, ಪ್ಯಾಂಟಿನ ಮೇಲಿಂದ ಜಿಗಣೆಯೊಂದು ಹಾಸಿಗೆ ಕಡೆ ಹೊರಟಿತ್ತು. ಎಂಟು ಬಾಣಂತಿಯರು ಒಟ್ಟಿಗೆ ಕಿರುಚಿದ್ದನ್ನು ನಾನು ಆ ಒಂದೇ ಸಲ ಕೇಳಿದ್ದು. ಎರಡು ಜೊತೆ ಬಟ್ಟೆ, ಒಂದು ಸ್ವೆಟರು, ಒಂದು ಕಂಬಳಿ ನಿಮಗೂ ಬೇಕು, ರಾತ್ರಿ ಹೊರಗಿನ ಬೆಂಚಿನ ಮೇಲೆ ಮಲಗುವವರು ನೀವೇ. ಹಾಗೇ ಎದೆ ಮುಂದೆ ತೆರೆಯುವ ಅಂಗಿ ಹಾಕಿಕೊಂಡಿರಿ. ಮಗು ತೂಕ ಕಡಿಮೆ ಇದ್ದು ತಾಯಿ ಇನ್ನೂ ಥಿಯೇಟರಿನಲ್ಲಿದ್ದರೆ, ನಿಮ್ಮ ಬರಿ ಎದೆಯ ಮೇಲೆ ಮಲಗಿಸಿಕೊಳ್ಳಿ ಅಂತ ಹೇಳಬಹುದು. ಅಪ್ಪನ ಎದೆಯೂ ಅಷ್ಟೇ ಬೆಚ್ಚಗಿರುತ್ತದೆ.

ಪ್ರಶ್ನೆ: ಮೊಮ್ಮಗು ಬರುವುದರಲ್ಲಿದೆ. ಹುಟ್ಟಿದ ಮಗುವಿಗೆ ಹೊಸ ಬಟ್ಟೆ ಹಾಕಬಾರದು ಅಂತ ನಮ್ಮಲ್ಲಿ ಹೇಳುವುದುಂಟು. ಈಗಿನವರು ನಗ್ತಾರೆ. ಚಳಿಗೆ ಬಿಗಿಯಾಗಿ ಸುತ್ತಿ, ಕೆಂಡ ಇಟ್ಟು ಬೆಚ್ಚಗೆ ಮಾಡುವುದೂ ತಪ್ಪಾ? (ವಿರಾಜಪೇಟೆಯಿಂದ ಅಜ್ಜಿ)

ಉತ್ತರ: ಮೊದಲನೆಯದರಲ್ಲಿ ನಿಮ್ಮದೇ ಸರಿ ಅಜ್ಜಿ, ನಗುವವರಿಗೆ ಇದನ್ನು ಓದಿ ಹೇಳಿ. ಹೊಸ ಬಟ್ಟೆಯಲ್ಲಿ ಬಣ್ಣ, ಗಂಜಿ, ಅಂಗಡಿಯ ಧೂಳು ಎಲ್ಲ ಇರುತ್ತದೆ. ಹಳೇ ಕಾಟನ್ ಪಂಚೆ, ಮೆತ್ತಗಿನ ಸೀರೆ ಹರಿದು, ಬಿಸಿನೀರಿನಲ್ಲಿ ಒಗೆದು, ಒಣಗಿಸಿ ಇಸ್ತ್ರಿ ಮಾಡಿದ ತುಂಡುಗಳು ಹತ್ತಿಪ್ಪತ್ತು ಇರಲಿ. ಒರೆಸಲು ಒಂದು, ಸುತ್ತಲು ಇನ್ನೊಂದು, ಹುಟ್ಟಿದ ಕೂಡಲೇ ಎರಡು ಬೇಕು. ಹೊಸದು ಹಾಕಲೇಬೇಕು ಅಂದರೆ ಒಗೆದು ಹಾಕಿ.

ಬಿಗಿಯಾಗಿ ಸುತ್ತುವುದು ಬೇಡ. ಕಾಲು ನೇರ ಮಾಡಿ ಕಟ್ಟಿದರೆ ಸೊಂಟದ ಕೀಲು ಸರಿಯಾಗಿ ಕೂರುವುದಿಲ್ಲ. ಮಗು ಕಪ್ಪೆಯ ಹಾಗೆ ಕಾಲು ಮಡಚಿಕೊಳ್ಳಲು ಜಾಗ ಬಿಡಿ. ಟೋಪಿ, ಕಾಲುಚೀಲ ಹಾಕಿ, ಗಲ್ಲದ ಕೆಳಗೆ ದಾರ ಕಟ್ಟುವ ಟೋಪಿ ಬೇಡ, ಪಿನ್ನು ಬೇಡ. ನಾವು ಹಾಕಿದ್ದಕ್ಕಿಂತ ಒಂದು ಪದರ ಜಾಸ್ತಿ ಹಾಕಿದರೆ ಸಾಕು. ಕುತ್ತಿಗೆ ಹಿಂದೆ ಕೈಯಿಟ್ಟು ನೋಡಿ, ಬೆವರಿದ್ದರೆ ಒಂದು ಪದರ ತೆಗೆಯಿರಿ. ಕೈಕಾಲು ತಣ್ಣಗಿದೆ ಅಂತ ಮೂರು ಸ್ವೆಟರು ಏರಿಸುವವರೇ ಎಲ್ಲ ಕಡೆ. ಹುಟ್ಟಿದ ದಿನವೇ ಸ್ನಾನ ಮಾಡಿಸಬೇಡಿ, ಕನಿಷ್ಠ 24 ಗಂಟೆ ಹೋಗಲಿ, ಈ ಚಳಿಗೆ ಇನ್ನೂ ಒಂದೆರಡು ದಿನ ತಡೆದರೂ ನಷ್ಟ ಇಲ್ಲ.

ಕೆಂಡದ ವಿಷಯದಲ್ಲಿ ಮಾತ್ರ ನಾನು ಗಟ್ಟಿಯಾಗಿ ಹೇಳುತ್ತೇನೆ. ಕಿಟಕಿ ಬಾಗಿಲು ಮುಚ್ಚಿದ ಬಾಣಂತಿ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಡಬೇಡಿ. ಹೊಗೆ ಕಾಣದಿದ್ದರೂ ಅದರಿಂದ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ, ವಾಸನೆಯೇ ಇರುವುದಿಲ್ಲ, ನಿದ್ದೆಯಲ್ಲೇ ಜೀವ ತೆಗೆಯುತ್ತದೆ. ಕೋಣೆ ಬೆಚ್ಚಗೆ ಮಾಡಲೇಬೇಕಿದ್ದರೆ ತಾಯಿ ಮಗುವನ್ನು ಬೇರೆ ಕೋಣೆಯಲ್ಲಿಟ್ಟು, ಕೋಣೆ ಬಿಸಿಯಾದ ಮೇಲೆ ಕೆಂಡ ಹೊರಗೆ ಸಾಗಿಸಿ, ಸ್ವಲ್ಪ ಗಾಳಿ ಆಡಿಸಿ ಆಮೇಲೆ ಕರೆದುಕೊಂಡು ಬನ್ನಿ.

ಪ್ರಶ್ನೆ: ಕೇಳಲು ನಾಚಿಕೆ. ಹೆತ್ತ ಮೇಲೆ ಎಷ್ಟು ದಿನ ರಕ್ತ ಹೋಗುತ್ತೆ, ಏನು ಇಟ್ಟುಕೊಳ್ಳಬೇಕು? ಅಕ್ಕನಿಗೆ ಬಟ್ಟೆಯೆಲ್ಲ ಹಾಲಿನಿಂದ ಒದ್ದೆಯಾಗ್ತಿತ್ತು, ನನಗೂ ಹಾಗಾದರೆ? (ನಾಪೋಕ್ಲಿನಿಂದ)

ಉತ್ತರ: ನಾಚಿಕೆ ಯಾಕೆ, ಹೆತ್ತವರೆಲ್ಲರ ಕಥೆ ಇದೇ. ಮೊದಲ ಕೆಲವು ದಿನ ಮುಟ್ಟಿಗಿಂತ ಜಾಸ್ತಿ ಹೋಗುತ್ತದೆ, ಆಮೇಲೆ ಬಣ್ಣ ಕಂದಾಗುತ್ತಾ ಕಡಿಮೆಯಾಗುತ್ತದೆ, ಎಲ್ಲ ನಿಲ್ಲಲು 4ರಿಂದ 6 ವಾರ. ಸಿಸೇರಿಯನ್ ಆದವರಿಗೂ ಹೋಗುತ್ತದೆ, ಇದು ತುಂಬಾ ಜನರಿಗೆ ಗೊತ್ತೇ ಇರುವುದಿಲ್ಲ. ಮೆಟರ್ನಿಟಿ ಪ್ಯಾಡ್ ಅಂತ ಉದ್ದನೆಯದು ಕೇಳಿ ತಗೊ, ಎರಡು ಪ್ಯಾಕೆಟ್. ಮೆನ್‌ಸ್ಟ್ರುವಲ್ ಕಪ್, ಟ್ಯಾಂಪೂನ್ ಸದ್ಯಕ್ಕೆ ಬೇಡ, ಒಳಗೆ ಏನೂ ಇಡುವ ಹಾಗಿಲ್ಲ. ಕಪ್ಪು ಅಥವಾ ಗಾಢ ಬಣ್ಣದ ಕಾಟನ್ ಚಡ್ಡಿ ಆರೇಳು. ನೈಟಿಯೂ ಗಾಢ ಬಣ್ಣದ್ದಿದ್ದರೆ ಕಲೆ ಬಿದ್ದಾಗ ಮನಸ್ಸಿಗೆ ಹಾಯಾಗಿರುತ್ತದೆ, ಆದರೆ ಪ್ಯಾಡು ಬಿಳಿಯದೇ ಇರಲಿ. ಒಂದು ಗಂಟೆಯಲ್ಲಿ ಒಂದು ಪ್ಯಾಡು ಪೂರ್ತಿ ನೆನೆದರೆ, ನಿಂಬೆಹಣ್ಣಿನಷ್ಟು ಗಡ್ಡೆ ಬಿದ್ದರೆ, ಕೆಟ್ಟ ವಾಸನೆ ಬಂದರೆ, ಸಿಸ್ಟರನ್ನು ಕೂಗು. ಮಧ್ಯರಾತ್ರಿ ಆದರೂ ಕೂಗು. ನಿದ್ದೆ ಕೆಡುತ್ತದೆ ಅಂತ ಸುಮ್ಮನಿದ್ದವರನ್ನು ನೋಡಿ ನಾವು ಬೆಚ್ಚಿಬಿದ್ದದ್ದಿದೆ.

ಹಾಲು ಮೊದಲೆರಡು ದಿನ ಹನಿಹನಿ ಗಿಣ್ಣುಹಾಲು ಮಾತ್ರ, ಮೂರನೇ ನಾಲ್ಕನೇ ದಿನ ಎದೆ ಕಲ್ಲಿನ ಹಾಗೆ ಗಟ್ಟಿಯಾಗಿ ಹಾಲು ಇಳಿಯುತ್ತದೆ. ಆಗ ವೈರು ಇರುವ, ಬಿಗಿ ಬ್ರಾ ಹಾಕಿದರೆ ಹಾಲು ಕಟ್ಟಿಕೊಂಡು ಗಡ್ಡೆಯಾಗುತ್ತದೆ, ಜ್ವರ ಬರುತ್ತದೆ. ಒಂದು ಸೈಜು ದೊಡ್ಡದಾದ, ಮುಂದೆ ತೆರೆಯುವ ಕಾಟನ್ನಿನದು ಎರಡು ಮೂರು ಸಾಕು. ಹಾಕದೆ ಇದ್ದರೂ ಯಾರೂ ಕೇಳುವುದಿಲ್ಲ. ಒಳಗೆ ಕಾಟನ್ ಕರ್ಚೀಫು ನಾಲ್ಕು ಮಡಿಕೆ ಮಾಡಿ ಇಟ್ಟುಕೊ, ಒದ್ದೆಯಾದ ಕೂಡಲೇ ಬದಲಾಯಿಸು. ಅದಕ್ಕೇ ಹನ್ನೆರಡಾದರೂ ಕರ್ಚೀಫು ಬೇಕು, ಯಜಮಾನರದ್ದನ್ನೆಲ್ಲ ಸೇರಿಸಿಕೊ.

ಪ್ರಶ್ನೆ: ಡಿಸ್ಚಾರ್ಜ್ ದಿನಕ್ಕೆ ಅಂತ ಮದುವೆಗಿಂತ ಮೊದಲಿನ ಜೀನ್ಸ್ ಬ್ಯಾಗಿಗೆ ಹಾಕಿದ್ದೇನೆ. ಆಗುತ್ತಾ? (ಗೋಣಿಕೊಪ್ಪಲಿನಿಂದ)

ಉತ್ತರ: ಆಗಲ್ಲ. ತೆಗೆದು ಆ ಜಾಗಕ್ಕೆ ಇನ್ನೊಂದು ಟವೆಲ್ ಹಾಕು. ಮನೆಗೆ ಹೋಗುವಾಗ ಬಸುರಿಯಾಗಿದ್ದಾಗ ಹಾಕುತ್ತಿದ್ದ ಚೂಡಿದಾರ, ಮೇಲೆ ಸ್ವೆಟರು, ಕಿವಿಗೆ ಸ್ಕಾರ್ಫು. ಕಿವಿಗೆ ಹತ್ತಿ ಇಟ್ಟುಕೊ ಅಂತ ಮನೆಯವರು ಹೇಳಿದರೆ ಇಟ್ಟುಕೊ, ಅದಕ್ಕಾಗಿ ಜಗಳ ಬೇಡ.